ಬಿಸಿನೀರು ತಲೆಗೆ ಬಿದ್ದರೆ ಫಿಟ್ಸ್: ಮಗನಿಗೆ ದಿನಾ ಮಾತ್ರೆ ಬೇಕಾ?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆಯ ಒಂದು ಹಳ್ಳಿ. ಮಗನಿಗೆ ಒಂಬತ್ತು ವರ್ಷ. ಹೋದ ದೀಪಾವಳಿಗೆ ಎಣ್ಣೆ ಹಚ್ಚಿ, ಹಂಡೆ ನೀರನ್ನು ತಲೆಗೆ ಹುಯ್ಯುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಸುಮ್ಮನಾದ. ಕಣ್ಣು ಒಂದೇ ಕಡೆ ನೆಟ್ಟಿತ್ತು. ಬಾಯಿ ಚಪ್ಪರಿಸಿದ, ಏನೇನೋ ಸಂಬಂಧವಿಲ್ಲದ ಮಾತಾಡಿದ. ಎರಡು ನಿಮಿಷಕ್ಕೆ ಸರಿಹೋದ. ಹಸಿವಿಗೆ ಹಾಗಾಗಿರಬೇಕು ಅಂದುಕೊಂಡೆವು. ಆಮೇಲೆ ಎರಡು ಭಾನುವಾರ ಮತ್ತೆ ಹಾಗೇ ಆಯಿತು. ಯುಗಾದಿ ದಿನ ಮಾತ್ರ ಕೈಕಾಲು ಸೆಟೆದುಕೊಂಡು ಬಿದ್ದೇಬಿಟ್ಟ. ಬಚ್ಚಲಲ್ಲಿ ಗಾಳಿ ಸೋಕಿದೆ ಅಂತ ನಮ್ಮತ್ತೆ ತಾಯತ ಕಟ್ಟಿಸಿದ್ದಾರೆ. ಅವತ್ತು ಕೈಗೆ ಬೀಗದ ಕೈ ಕೊಟ್ಟಿದ್ದರಿಂದಲೇ ಬಿಟ್ಟುಹೋಯಿತು ಅನ್ನುತ್ತಾರೆ. ಇಇಜಿ, ಎಂಆರ್‌ಐ ಎರಡೂ ನಾರ್ಮಲ್. ಆದರೂ ಡಾಕ್ಟರು ಇದು ಬಿಸಿನೀರಿನ ಫಿಟ್ಸ್, ತಲೆಸ್ನಾನದ ದಿನ ಮಾತ್ರ ಕ್ಲೋಬಜಾಮ್ ಕೊಡಿ ಎಂದರು. ಹೋದ ತಿಂಗಳು ಮೈಸೂರಿನಲ್ಲಿ ನನ್ನ ತಮ್ಮನ ಮನೆಗೆ ಹೋಗಿದ್ದಾಗ ಬಾತ್‌ರೂಮಿನಲ್ಲಿ ತಲೆಸುತ್ತಿ ಬಿದ್ದ. ಅವತ್ತು ತಲೆಗೆ ನೀರು ಹಾಕಿರಲಿಲ್ಲ, ಬರೀ ಮೈಗೆ. ಅವರದು ಸಣ್ಣ ಬಾತ್‌ರೂಮ್, ಒಳಗೇ ಗ್ಯಾಸ್ ಗೀಸರ್. ಅವನಿಗಿಂತ ಮೊದಲು ಸ್ನಾನ ಮಾಡಿದ್ದ ನನಗೂ ಅವತ್ತು ವಿಪರೀತ ತಲೆನೋವು. ಅಲ್ಲಿನ ಡಾಕ್ಟರು, ತಲೆಗೆ ನೀರು ಬೀಳದೆಯೂ ಫಿಟ್ಸ್ ಬಂದಿದೆ ಅಂದಮೇಲೆ ದಿನಾ ಎರಡು ಹೊತ್ತು ಸೋಡಿಯಂ ವಾಲ್ಪ್ರೋಯೇಟ್ ಬೇಕು ಎಂದರು. ಯಾರ ಮಾತು ಕೇಳಲಿ? ಮಾತ್ರೆಯಿಂದ ಬುದ್ಧಿ ಮಂದ ಆಗುತ್ತದಾ? ಸುಮ್ನೆ ತಣ್ಣೀರು ಸ್ನಾನ ಮಾಡಿಸಿದರೆ ಸಾಲದಾ? ಇನ್ನೊಂದು ವಿಚಿತ್ರ ಹೇಳಬೇಕು. ಸ್ನಾನ ಸಾಕು ಬಾರೋ ಅಂದರೆ ಬರುವುದಿಲ್ಲ, “ಇನ್ನೊಂದು ಚೊಂಬು ಹಾಕಮ್ಮ” ಅಂತಾನೆ. ಐದು ವರ್ಷದ ಮಗಳಿದ್ದಾಳೆ. ಅವಳಿಗೂ ಬರುತ್ತದಾ?

ಉತ್ತರ: ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆಗಳು ಬಹಳ ಇವೆ, ಆದರೆ ಒಳಗಿನ ಭಯ ಎರಡೇ ಅನ್ನಿಸಿತು. ಇದು ನಿಜಕ್ಕೂ ಮೂರ್ಛೆ ರೋಗವೇ? ಹೌದಾದರೆ ಮಗ ಬದುಕಿಡೀ ಮಾತ್ರೆ ನುಂಗಬೇಕೇ? ನೀವು ಬರೆದಿರುವುದನ್ನು ನೋಡಿದರೆ ದೀಪಾವಳಿಯಿಂದ ಯುಗಾದಿವರೆಗೆ ಆದದ್ದು ಫಿಟ್ಸೇ. ಅದರಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ. ಬದುಕಿಡೀ ಮಾತ್ರೆ? ಬಹುಶಃ ಬೇಕಾಗುವುದಿಲ್ಲ. ಆದರೆ ಮೈಸೂರಿನಲ್ಲಿ ಆದದ್ದು ಬೇರೆಯೇ ಇರಬಹುದು. ಇಬ್ಬರು ಡಾಕ್ಟರು ಎರಡು ಮಾತು ಹೇಳಿರುವುದರ ಗುಟ್ಟು ಕೂಡ ಅಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ನಾರ್ಮಲ್ ರಿಪೋರ್ಟುಗಳ ವಿಷಯ. ಇಇಜಿ ಅಂದರೆ ಮೆದುಳಿನ ವಿದ್ಯುತ್ತನ್ನು ಅರ್ಧ ಮುಕ್ಕಾಲು ಗಂಟೆ ಬರೆದುಕೊಳ್ಳುವ ಯಂತ್ರ. ಆ ಹೊತ್ತಿನಲ್ಲಿ ನಿಮ್ಮ ಮಗನ ತಲೆಗೆ ಯಾರೂ ಬಿಸಿನೀರು ಹುಯ್ಯುತ್ತಿರಲಿಲ್ಲ, ಅಲ್ವಾ? ಬಿಸಿನೀರಿನ ಫಿಟ್ಸ್ ಇರುವ ಬಹುಪಾಲು ಜನರಿಗೆ ಮಾಮೂಲಿ ಇಇಜಿ ಸರಿಯಾಗಿಯೇ ಇರುತ್ತದೆ. ಎಂಆರ್‌ಐ ಕೂಡ ಅಷ್ಟೇ. ಮೆದುಳಿನಲ್ಲಿ ಗಡ್ಡೆಯಿಲ್ಲ, ಹುಳುವಿನ ಗಂಟಿಲ್ಲ, ಹಳೆಯ ಗಾಯವಿಲ್ಲ ಎಂದು ಅದು ಹೇಳಿದೆ. ಅದು ಒಳ್ಳೆಯ ಸುದ್ದಿ. ಫಿಟ್ಸ್ ಇಲ್ಲ ಎಂದು ಅದು ಹೇಳಿಲ್ಲ. ಈ ಕಾಯಿಲೆಯಲ್ಲಿ ನಮಗೆ ಸ್ಕ್ಯಾನಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ತಾಯಿ ಹೇಳುವ ಕಥೆ. ಕಣ್ಣು ನೆಟ್ಟಿತ್ತು, ಬಾಯಿ ಚಪ್ಪರಿಸಿದ, ಏನೇನೋ ಮಾತಾಡಿದ, ಎರಡು ನಿಮಿಷಕ್ಕೆ ಸರಿಹೋದ. ನೀವು ಬರೆದ ಈ ನಾಲ್ಕು ಮಾತು ಸಾಕು, ಫಿಟ್ಸ್ ಮೆದುಳಿನ ಯಾವ ಭಾಗದಲ್ಲಿ ಶುರುವಾಗುತ್ತಿದೆ ಎಂದು ಊಹಿಸಲು. ಕಿವಿಯ ಮೇಲ್ಭಾಗದ ಒಳಗಿರುವ ಭಾಗ ಅದು, ನಾವು ಟೆಂಪೊರಲ್ ಲೋಬ್ ಅನ್ನುತ್ತೇವೆ. ಅಲ್ಲಿಂದ ಇಡೀ ಮೆದುಳಿಗೆ ಹರಡಿದಾಗ ಕೈಕಾಲು ಸೆಟೆಯುತ್ತದೆ. ಯುಗಾದಿ ದಿನ ಆದದ್ದು ಅದು.

ನಿಮ್ಮ ಅತ್ತೆಯವರ ಬಗ್ಗೆ ಒಂದು ಮಾತು. ಗಾಳಿ ಸೋಕಿದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಆದರೆ ಇದು ಬಚ್ಚಲಲ್ಲಿ ಮಾತ್ರ ಆಗುತ್ತದೆ ಎನ್ನುವುದನ್ನು ಅವರು ಸರಿಯಾಗಿ ಗಮನಿಸಿದ್ದಾರೆ. ಡಾಕ್ಟರುಗಳಿಗೂ ಈ ಕಾಯಿಲೆ ಗೊತ್ತಾದದ್ದು ಹಾಗೆಯೇ. 1945ರಲ್ಲಿ ನ್ಯೂಜಿಲೆಂಡಿನ ಒಬ್ಬ ಹುಡುಗನಿಗೆ ಬಿಸಿನೀರಿನಿಂದ ಫಿಟ್ಸ್ ಬಂದದ್ದು ವರದಿಯಾಯಿತು. ಜಗತ್ತು ಅದನ್ನೊಂದು ಅಪರೂಪದ ವಿಚಿತ್ರ ಎಂದು ಬದಿಗಿಟ್ಟಿತು. ನಮ್ಮಲ್ಲಿ ಅದು ಅಪರೂಪವಾಗಿರಲಿಲ್ಲ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಜೊತೆಯವರು 1960ರ ದಶಕದಲ್ಲೇ ಇದರ ಬಗ್ಗೆ ಬರೆದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಅವರ ತಂಡ ದಕ್ಷಿಣ ಭಾರತದ 279 ಜನರ ವಿವರ ಪ್ರಕಟಿಸಿತು. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾಡಿದ ಸಮೀಕ್ಷೆಯಲ್ಲಿ, ಫಿಟ್ಸ್ ಇರುವ ನೂರು ಜನರಲ್ಲಿ ಸುಮಾರು ಏಳು ಜನರಿಗೆ ಇದ್ದದ್ದು ಈ ಬಗೆ. ಮೈಸೂರು, ಮಂಡ್ಯ, ಯಳಂದೂರು ಕಡೆ ಇನ್ನೂ ಜಾಸ್ತಿ. ಟರ್ಕಿಯಿಂದಲೂ ಸಾಕಷ್ಟು ವರದಿಗಳಿವೆ. ಉಳಿದ ಕಡೆ ಎಲ್ಲೋ ಒಂದೊಂದು.

ನಮ್ಮ ಕಡೆಯೇ ಯಾಕೆ? ಒಂದು ಕಾರಣ ನಾವು ಸ್ನಾನ ಮಾಡುವ ರೀತಿ. ಹಂಡೆಯಲ್ಲಿ ನೀರು ಕಾಯಿಸಿ, ಹಬೆಯಾಡುವಾಗಲೇ ಚೊಂಬಿನಿಂದ ಒಂದರ ಹಿಂದೆ ಒಂದರಂತೆ ನೆತ್ತಿಗೆ ಸುರಿಯುತ್ತೇವೆ. ಎಣ್ಣೆ ಜಿಡ್ಡು ಹೋಗಲಿ ಅಂತ ಹಬ್ಬದ ದಿನ ಇನ್ನೂ ಬಿಸಿ. ಹೀಗೆ ಹುಯ್ಯುವ ನೀರು 40ರಿಂದ 50 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ನಮ್ಮ ಮೈ ಬಿಸಿ 37. ಆದರೆ ಇದೊಂದೇ ಕಾರಣವಾಗಿದ್ದರೆ ಊರಿಗೆ ಊರೇ ಬಚ್ಚಲಲ್ಲಿ ಬೀಳಬೇಕಿತ್ತು. ಬೀಳುವುದಿಲ್ಲ. ಎರಡನೆಯ ಕಾರಣ ಮೆದುಳಿನ ಒಳಗಿದೆ. ನಾನು ಹೆಚ್ಚು ವರ್ಷ ತಲೆಕೆಡಿಸಿಕೊಂಡಿರುವುದು ಅದಕ್ಕೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅದು ಗೊತ್ತಾದರೆ ಮಾತ್ರೆಯ ಗೊಂದಲ ಅರ್ಧ ಕಮ್ಮಿಯಾಗುತ್ತದೆ.

ಕೆರೆಗೆ ಕೋಡಿ ಇರುತ್ತದಲ್ಲ, ಹಾಗೆ ಪ್ರತಿಯೊಬ್ಬರ ಮೆದುಳಿಗೂ ಒಂದು ಕೋಡಿ ಇದೆ ಅಂದುಕೊಳ್ಳಿ. ನರಕೋಶಗಳ ಗೋಡೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ. ಸೋಡಿಯಂ ಒಳಗೆ ನುಗ್ಗಿದರೆ ಕೋಶ ಕಿಡಿ ಹಾರಿಸುತ್ತದೆ. ಪೊಟ್ಯಾಸಿಯಂ ಹೊರಗೆ ಹೋದರೆ ತಣ್ಣಗಾಗುತ್ತದೆ. ಒಂದು ಕೋಶ ಇನ್ನೊಂದನ್ನು ಕೆರಳಿಸಲು ಗ್ಲುಟಮೇಟ್ ಎಂಬ ರಸ ಬಿಡುತ್ತದೆ, ಸುಮ್ಮನಿರಿಸಲು ಗಾಬಾ ಎಂಬ ಇನ್ನೊಂದು ರಸ. ಇವುಗಳ ಲೆಕ್ಕ ಸರಿಯಿರುವವರೆಗೆ ನೀರು ಕೆರೆಯೊಳಗೇ ಇರುತ್ತದೆ. ಕೆರಳಿಸುವುದು ಹೆಚ್ಚಾಗಿ, ತಡೆಯುವುದು ಸಾಲದೆ ಹೋದರೆ ಲಕ್ಷಾಂತರ ಕೋಶಗಳು ಒಟ್ಟಿಗೆ ಕಿಡಿ ಹಾರಿಸುತ್ತವೆ. ಕೋಡಿ ಬಿತ್ತು. ಫಿಟ್ಸ್ ಅಂದರೆ ಇಷ್ಟೇ. ನನ್ನ ಕೆರೆಗೂ ಕೋಡಿ ಇದೆ, ನಿಮ್ಮದಕ್ಕೂ ಇದೆ. ನಿಮ್ಮ ಮಗನ ಕೋಡಿ ಹುಟ್ಟಿನಿಂದಲೇ ಸ್ವಲ್ಪ ತಗ್ಗು, ಅದೂ ಬಿಸಿಯ ವಿಷಯದಲ್ಲಿ ಮಾತ್ರ.

ಬಿಸಿಗೂ ಇದಕ್ಕೂ ಏನು ಸಂಬಂಧ ಅಂದರೆ, ಆ ಬಾಗಿಲುಗಳು ತೆರೆದು ಮುಚ್ಚುವ ವೇಗ ತಾಪಮಾನದ ಜೊತೆ ಬದಲಾಗುತ್ತದೆ. ಸಣ್ಣ ಮಕ್ಕಳಿಗೆ ಜ್ವರದಲ್ಲಿ ಫಿಟ್ಸ್ ಬರುವುದಕ್ಕೂ ಇದು ಒಂದು ಕಾರಣ. ಬಿಸಿನೀರಿನ ಫಿಟ್ಸ್ ಇರುವ ಕೆಲವರಿಗೆ ಎಳವೆಯಲ್ಲಿ ಜ್ವರದ ಫಿಟ್ಸ್ ಬಂದಿರುತ್ತದೆ. ನಿಮ್ಮ ಮಗನಿಗೆ ಬಂದಿತ್ತಾ ಎಂದು ನೆನಪು ಮಾಡಿಕೊಂಡು ಡಾಕ್ಟರಿಗೆ ಹೇಳಿ. ಆದರೆ ಬಿಸಿಲಲ್ಲಿ ಕ್ರಿಕೆಟ್ ಆಡಿದರೆ ಇವನಿಗೆ ಏನೂ ಆಗುವುದಿಲ್ಲ. ಬಿಸಿನೀರು ಕಾಲಿಗೆ ಬಿದ್ದರೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಬಿಸಿ, ಅದು ನೆತ್ತಿಯ ಮೇಲೆ ಬೀಳುವುದು, ಬೇಗಬೇಗ ಬೀಳುವುದು, ಈ ಮೂರೂ ಸೇರಬೇಕು. ಫಿಟ್ಸ್ ನಡೆಯುವಾಗ ತೆಗೆದ ಸ್ಪೆಕ್ಟ್ ಸ್ಕ್ಯಾನುಗಳಲ್ಲಿ (ಮೆದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತಿದೆ ಎಂದು ತೋರಿಸುವ ಸ್ಕ್ಯಾನ್ ಅದು) ಟೆಂಪೊರಲ್ ಲೋಬಿನ ಒಳಭಾಗ ಮತ್ತು ಮೈ ಬಿಸಿಯನ್ನು ಹದದಲ್ಲಿಡುವ ಹೈಪೊಥಲಾಮಸ್, ಎರಡೂ ಜೋರಾಗಿ ಕೆಲಸ ಮಾಡುತ್ತಿದ್ದದ್ದು ಕಂಡಿದೆ. ನಾವೆಲ್ಲ ಬಿಸಿಯನ್ನು ಬೇಗ ಹೊರಹಾಕುತ್ತೇವೆ. ಇವರ ಮೈ ಬಿಸಿ ಸರ್ರನೆ ಏರುತ್ತದೆ, ಇಳಿಯುವುದು ನಿಧಾನ.

1990ರ ದಶಕದಲ್ಲಿ ನಿಮ್ಹಾನ್ಸ್ ತಂಡ ಇಲಿಗಳ ತಲೆ ಮೇಲೆ ಬಿಸಿನೀರು ಸುರಿದು ಒಂದು ಪ್ರಯೋಗ ಮಾಡಿತು. ಇಲಿಗಳಿಗೂ ಫಿಟ್ಸ್ ಬಂತು. ಅದರಲ್ಲಿ ಅಂಥ ಆಶ್ಚರ್ಯವಿಲ್ಲ. ಕೆಲವು ದಿನ ಬಿಟ್ಟು ಮತ್ತೆ ಮತ್ತೆ ಸುರಿದಾಗ ಕಂಡದ್ದು ಮುಖ್ಯ. ಬರಬರುತ್ತಾ ಕಡಿಮೆ ಬಿಸಿಗೇ ಫಿಟ್ಸ್ ಬರತೊಡಗಿತು. ಬಂದದ್ದು ಹೆಚ್ಚು ಹೊತ್ತು ಇರುತ್ತಿತ್ತು, ಹೆಚ್ಚು ಜೋರಾಗಿಯೂ ಇರುತ್ತಿತ್ತು. ಅಂದರೆ ಪ್ರತಿ ಸಲ ನೀರು ಕೋಡಿ ಹರಿದಾಗಲೂ ಕೋಡಿಯ ಕಟ್ಟೆ ಒಂದಿಷ್ಟು ಕೊರೆದುಹೋಗುತ್ತಿತ್ತು. ಇದಕ್ಕೆ ನಮ್ಮ ಡಾಕ್ಟರುಗಳ ಭಾಷೆಯಲ್ಲಿ ಕಿಂಡ್ಲಿಂಗ್ ಎನ್ನುತ್ತಾರೆ, ಒಲೆಗೆ ಪುರಲೆ ಒಟ್ಟಿ ಉರಿ ಎಬ್ಬಿಸಿದ ಹಾಗೆ. 1960ರ ದಶಕದಲ್ಲಿ ಗ್ರಹಾಂ ಗೊಡ್ಡಾರ್ಡ್ ಎಂಬ ವಿಜ್ಞಾನಿ ಸಣ್ಣ ವಿದ್ಯುತ್ ಪ್ರಚೋದನೆಯಿಂದ ಇದನ್ನು ಮೊದಲು ತೋರಿಸಿಕೊಟ್ಟರು. ಇಲಿಯ ಮೆದುಳು ಮನುಷ್ಯನ ಮೆದುಳಲ್ಲ, ಅಲ್ಲಿ ಆದದ್ದೆಲ್ಲ ಇಲ್ಲೂ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಮಗನ ಕಥೆ ನೋಡಿ. ಮೂರು ಸಲ ಕಣ್ಣು ನೆಡುವುದರಲ್ಲೇ ಮುಗಿಯಿತು, ನಾಲ್ಕನೇ ಸಲ ಕೈಕಾಲು ಸೆಟೆಯಿತು. ಹಾಗಾಗಿ, ದೊಡ್ಡವನಾದ ಮೇಲೆ ತಾನೇ ಹೋಗುತ್ತದೆ ಬಿಡಿ ಎನ್ನುವವರ ಮಾತು ಕೇಳಿ ಸುಮ್ಮನೆ ಕೂರಬೇಡಿ. ಹೀಗೇ ಬಿಟ್ಟವರಲ್ಲಿ ಹೆಚ್ಚೂಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಮುಂದೆ ಬಿಸಿನೀರಿಲ್ಲದೆಯೂ ಫಿಟ್ಸ್ ಬರುತ್ತದೆ. ಉಳಿದ ಮೂವರಿಗೆ ಬರುವುದಿಲ್ಲ ಎನ್ನುವುದನ್ನೂ ನೆನಪಿಡಿ.

ಈಗ ಆ “ಇನ್ನೊಂದು ಚೊಂಬು ಹಾಕಮ್ಮ”. ಇದನ್ನು ನೀವು ಬರೆದದ್ದಕ್ಕೆ ತುಂಬಾ ಸಂತೋಷ. ಬಹಳ ಮಂದಿ ಹೇಳುವುದೇ ಇಲ್ಲ. ಬಿಸಿನೀರಿನ ಫಿಟ್ಸ್ ಇರುವ ಸುಮಾರು ಹತ್ತರಲ್ಲಿ ಒಬ್ಬರಿಗೆ ಫಿಟ್ಸ್ ಶುರುವಾಗುವ ಮುಂಚಿನ ಆ ಕ್ಷಣ ಹಿತವಾಗಿರುತ್ತದೆ. ಹೇಳಲು ಬರದಂಥ ಒಂದು ಸುಖ. ಅದಕ್ಕೇ ನೀರು ಇನ್ನಷ್ಟು ಸುರಿದುಕೊಳ್ಳುತ್ತಾರೆ. ನನ್ನ ಹತ್ತಿರ ಬರುತ್ತಿದ್ದ ಒಬ್ಬರು, ಮೂವತ್ತು ದಾಟಿದ ಗೃಹಸ್ಥರು, ಎರಡು ವರ್ಷ ಮುಚ್ಚಿಟ್ಟು ಕೊನೆಗೊಂದು ದಿನ ತಲೆ ತಗ್ಗಿಸಿ, “ನಿಲ್ಲಿಸೋಕೆ ಮನಸ್ಸೇ ಬರಲ್ಲ ಸಾರ್” ಎಂದರು. ಅಷ್ಟು ದಿನ ನಾನು ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತ ಪ್ರಮಾಣ ಏರಿಸುತ್ತಾ ಹೋಗಿದ್ದೆ. ನನ್ನದೇ ತಪ್ಪು, ಕೇಳಬೇಕಿತ್ತು. ನಿಮ್ಮ ಮಗ ಹಟ ಮಾಡುತ್ತಿಲ್ಲ. ಬೈಯಬೇಡಿ. ಆದರೆ ಚೊಂಬು ಅವನ ಕೈಗೆ ಕೊಡಬೇಡಿ, ಅವನೊಬ್ಬನನ್ನೇ ತಲೆಸ್ನಾನಕ್ಕೆ ಬಿಡಬೇಡಿ. ಡಾಕ್ಟರಿಗೆ ಈ ವಿಷಯವನ್ನು ಇದೇ ಮಾತುಗಳಲ್ಲಿ ಹೇಳಿ.

ಇನ್ನು ಮೈಸೂರು. ತಲೆಗೆ ನೀರು ಬಿದ್ದಿರಲಿಲ್ಲ. ಸಣ್ಣ ಬಾತ್‌ರೂಮ್, ಒಳಗೇ ಗ್ಯಾಸ್ ಗೀಸರ್. ಅವನಿಗಿಂತ ಮೊದಲು ಸ್ನಾನ ಮಾಡಿದ ನಿಮಗೆ ವಿಪರೀತ ತಲೆನೋವು. ಇದನ್ನು ಓದುತ್ತಿದ್ದಂತೆ ನನಗೆ ಫಿಟ್ಸಿಗಿಂತ ಮೊದಲು ಹೊಳೆದದ್ದು ಕಾರ್ಬನ್ ಮಾನಾಕ್ಸೈಡ್. ಗಾಳಿಯಾಡದ ಕೋಣೆಯಲ್ಲಿ ಗ್ಯಾಸ್ ಉರಿದರೆ ಈ ವಿಷಾನಿಲ ತುಂಬಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದು ಕೂರುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ಆಮೇಲೆ ಕುಸಿದು ಬೀಳುವುದು. ಕೆಲವರಿಗೆ ಕೈಕಾಲು ಅದುರುವುದೂ ಉಂಟು, ನೋಡಿದವರು ಫಿಟ್ಸ್ ಅಂದುಕೊಳ್ಳುತ್ತಾರೆ. ಜೀವ ಹೋದ ಉದಾಹರಣೆಗಳೂ ಇವೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದನ್ನು ಹಿಡಿಯುವುದಿಲ್ಲ, ಎಲ್ಲ ಸರಿಯಿದೆ ಅಂತಲೇ ತೋರಿಸುತ್ತದೆ. ಪತ್ರ ಓದಿ ಖಚಿತವಾಗಿ ಹೇಳಲು ನನಗೆ ಆಗದು. ಆದರೆ ಒಂದೇ ಬಾತ್‌ರೂಮಿನಲ್ಲಿ, ಒಂದೇ ದಿನ, ಇಬ್ಬರಿಗೆ ತೊಂದರೆ ಆಗಿದೆಯೆಂದರೆ ಅದು ಮಗನ ಮೆದುಳಿನ ತಪ್ಪಾಗಿರುವ ಸಾಧ್ಯತೆ ಕಮ್ಮಿ. ಆ ದಿನ ಮಗನ ಕಣ್ಣು ನೆಟ್ಟಿತ್ತಾ, ಬಾಯಿ ಚಪ್ಪರಿಸಿದನಾ, ಇಲ್ಲಾ ಸುಮ್ನೆ ಸುಸ್ತಾಗಿ ಕುಸಿದನಾ ಎಂದು ನೆನಪಿಸಿಕೊಳ್ಳಿ. ಹೊರಗೆ ಗಾಳಿಗೆ ತಂದ ಮೇಲೆ ಚೇತರಿಸಿಕೊಂಡನಾ ಎನ್ನುವುದನ್ನೂ. ನಿಮ್ಮ ತಮ್ಮನಿಗೆ ಇವತ್ತೇ ಫೋನ್ ಮಾಡಿ, ಗೀಸರನ್ನು ಬಾತ್‌ರೂಮಿನಿಂದ ಹೊರಗೆ ಹಾಕಿಸಲು ಹೇಳಿ. ಅಲ್ಲಿಯವರೆಗೆ ಒಳಗೆ ಅದನ್ನು ಹಚ್ಚುವುದು ಬೇಡ. ಬಾಗಿಲು ತೆರೆದು ಬಕೆಟ್ ತುಂಬಿಸಿ, ಆರಿಸಿ, ಆಮೇಲೆ ಸ್ನಾನ ಮಾಡುತ್ತೇವೆ ಎನ್ನುವವರಿದ್ದಾರೆ. ಅದು ಏನೂ ಇಲ್ಲದ್ದಕ್ಕಿಂತ ಮೇಲು, ಅಷ್ಟೇ.

ಈಗ ಇಬ್ಬರು ಡಾಕ್ಟರುಗಳ ವಿಷಯ ತಾನೇ ಬಿಡಿಸಿಕೊಳ್ಳುತ್ತದೆ. ಈ ಕಾಯಿಲೆಯಲ್ಲಿ ಮಾತ್ರೆ ದಿನಾ ಬೇಕಾ, ಸ್ನಾನದ ದಿನ ಸಾಕಾ ಎನ್ನುವುದು ಒಂದು ಪ್ರಶ್ನೆಯ ಮೇಲೆ ನಿಂತಿದೆ: ಬಿಸಿನೀರು ತಲೆಗೆ ಬೀಳದೆ ಯಾವತ್ತಾದರೂ ಫಿಟ್ಸ್ ಬಂದಿದೆಯಾ? ಬಂದಿದೆ ಎಂದುಕೊಂಡ ಎರಡನೆಯ ಡಾಕ್ಟರು ದಿನಾ ಬೇಕು ಎಂದರು. ಅವರ ಲೆಕ್ಕದಲ್ಲಿ ತಪ್ಪಿಲ್ಲ. ಗ್ಯಾಸ್ ಗೀಸರಿನ ವಿಷಯ, ನಿಮ್ಮ ತಲೆನೋವಿನ ವಿಷಯ ಅವರಿಗೆ ಹೇಳಿದ್ದಿರಾ? ಹೇಳಿರದಿದ್ದರೆ ಮತ್ತೆ ಹೋಗಿ ಹೇಳಿ. ಅದನ್ನು ಬದಿಗಿಟ್ಟರೆ ಉಳಿಯುವುದು ನಾಲ್ಕು ಫಿಟ್ಸ್, ನಾಲ್ಕೂ ಹಂಡೆ ನೀರಿನ ಕೆಳಗೆ. ಅಂಥ ಮಗು ನನ್ನ ಮುಂದೆ ಕೂತಿದ್ದರೆ ನಾನೂ ಮೊದಲನೆಯ ಡಾಕ್ಟರ ದಾರಿಯನ್ನೇ ಮೊದಲು ಹಿಡಿಯುತ್ತಿದ್ದೆ.

ಕ್ಲೋಬಜಾಮ್ ಮಾಡುವುದು ಗಾಬಾದ ಕೈ ಬಲಪಡಿಸುವ ಕೆಲಸ. ಕೋಡಿಯ ಮೇಲೆ ಕೆಲವು ಗಂಟೆಗಳ ಮಟ್ಟಿಗೆ ಹಲಗೆ ಇಟ್ಟ ಹಾಗೆ. ತಲೆಸ್ನಾನಕ್ಕೆ ಒಂದು, ಒಂದೂವರೆ ಗಂಟೆ ಮುಂಚೆ ಕೊಡಬೇಕು. ಬಹಳ ಮನೆಗಳಲ್ಲಿ ಮಾತ್ರೆ ನುಂಗಿಸಿ ನೇರ ಬಚ್ಚಲಿಗೆ ಕರೆದೊಯ್ಯುತ್ತಾರೆ, ಆಮೇಲೆ ಮಾತ್ರೆ ಕೆಲಸ ಮಾಡಲಿಲ್ಲ ಅನ್ನುತ್ತಾರೆ. ಅದು ರಕ್ತಕ್ಕೆ ಸೇರಲು ಸಮಯ ಬೇಕಲ್ವಾ? ಎಷ್ಟು ಕೊಡಬೇಕು ಎನ್ನುವುದು ಮಗುವಿನ ತೂಕದ ಮೇಲೆ, ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಅವತ್ತು ಮಗು ತೂಕಡಿಸಬಹುದು, ನಡೆಯುವಾಗ ಸ್ವಲ್ಪ ಓಲಾಡಬಹುದು. ಸೈಕಲ್, ಮರ ಹತ್ತುವುದು ಆ ದಿನ ಬೇಡ. ಶಾಲೆಯಿಲ್ಲದ ಭಾನುವಾರ ತಲೆಸ್ನಾನ ಇಟ್ಟುಕೊಂಡಿರುವುದು ಅನುಕೂಲವೇ ಆಯಿತು. ಒಂದು ಅಪಾಯ ಹೇಳಲೇಬೇಕು. ಒಳ್ಳೆಯದಾಯಿತು ಅಂತ ನೀವೇ ದಿನಾ ಕೊಡಲು ಶುರು ಮಾಡಬೇಡಿ. ದಿನಾ ತೆಗೆದುಕೊಂಡರೆ ಕೆಲವು ತಿಂಗಳಲ್ಲಿ ಮೆದುಳು ಇದಕ್ಕೆ ಒಗ್ಗಿಕೊಳ್ಳುತ್ತದೆ, ಮಾತ್ರೆಯ ಪ್ರಭಾವ ತಗ್ಗುತ್ತದೆ. ಆಗ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ತಿರುಗಿ ಹೊಡೆಯುತ್ತದೆ.

ವಾಲ್ಪ್ರೋಯೇಟ್ ಕಥೆ ಬೇರೆ. ಇದು ಸಿಕ್ಕಿದ್ದೇ ಆಕಸ್ಮಿಕ. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನಲ್ಲಿ ಬೇರೆ ಔಷಧಿಗಳನ್ನು ಕರಗಿಸಲು ಇದನ್ನು ಬಳಸುತ್ತಿದ್ದರು. ಕರಗಿಸಿದ್ದೆಲ್ಲವೂ ಫಿಟ್ಸ್ ತಡೆಯುತ್ತಿದೆ ಎಂದು ಕಂಡಾಗ, ಕೆಲಸ ಮಾಡುತ್ತಿರುವುದು ಕರಗಿಸುವ ದ್ರವವೇ ಎಂದು ಗೊತ್ತಾಯಿತು. ಒಳ್ಳೆಯ ಔಷಧಿ, ಹಲವು ಬಗೆಯ ಫಿಟ್ಸಿಗೆ ಆಗುತ್ತದೆ. ಆದರೆ ಹಸಿವು, ತೂಕ ಹೆಚ್ಚಬಹುದು. ಕೂದಲು ಉದುರಬಹುದು, ಕೈ ನಡುಗಬಹುದು. ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಬೀಳುತ್ತದೆ. ಮಾತ್ರೆ ಶುರುಮಾಡಿದ ಮೇಲೆ ವಾಂತಿ, ಹೊಟ್ಟೆನೋವು, ಮಂಪರು, ಕಣ್ಣು ಹಳದಿ ಕಂಡರೆ ಅವತ್ತೇ ತೋರಿಸಬೇಕು. ಇದೇ ಪ್ರಶ್ನೆ ಒಬ್ಬ ಹುಡುಗಿಯ ಬಗ್ಗೆ ಬಂದಿದ್ದರೆ ನನ್ನ ಉತ್ತರ ಇನ್ನೂ ಬಿಗಿಯಾಗಿರುತ್ತಿತ್ತು. ಬಸಿರಿನಲ್ಲಿ ಈ ಔಷಧಿ ಮಗುವಿಗೆ ತುಂಬಾ ಕೆಟ್ಟದ್ದು.

ಮುಂದೆ ಎಂದಾದರೂ ದಿನದ ಮಾತ್ರೆ ಬೇಕೇ ಆದರೆ, ನಿಮ್ಮ ಮಗನ ಫಿಟ್ಸ್ ಒಂದು ಕಡೆ ಶುರುವಾಗಿ ಹರಡುವ ಬಗೆ. ಅದಕ್ಕೆ ಕಾರ್ಬಮಜೆಪಿನ್ ಅಥವಾ ಲೆವೆಟಿರಾಸಿಟಾಮ್ ಆಗಬಹುದಾ ಎಂದು ಡಾಕ್ಟರನ್ನು ಕೇಳಿ. ಕಾರ್ಬಮಜೆಪಿನ್ ಸೋಡಿಯಂ ಬಾಗಿಲನ್ನು ಬಿಗಿ ಮಾಡುತ್ತದೆ. ಮೊದಲ ವಾರಗಳಲ್ಲಿ ಮೈಮೇಲೆ ಗುಳ್ಳೆ, ಬಾಯಿ ಹುಣ್ಣು ಎದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಅದೊಂದು ಎಚ್ಚರ. ಲೆವೆಟಿರಾಸಿಟಾಮ್ ಬೇರೆಯದೇ ಜಾಗದಲ್ಲಿ, ನರದ ತುದಿಯ ರಸದ ಚೀಲಗಳ ಮೇಲೆ ಕೆಲಸ ಮಾಡುತ್ತದೆ. ಕೆಲವು ಮಕ್ಕಳಿಗೆ ಸಿಡುಕು, ಕೋಪ ಬರಿಸುತ್ತದೆ. ಯಾವುದೇ ಆದರೂ ಫಿಟ್ಸ್ ಇಲ್ಲದೆ ಸುಮಾರು ಎರಡು ವರ್ಷ ಕಳೆದ ಮೇಲೆ ನಿಧಾನವಾಗಿ ಇಳಿಸುತ್ತಾ ಬಂದು ನಿಲ್ಲಿಸುವ ಪ್ರಯತ್ನ ಮಾಡುತ್ತೇವೆ. ನಿಧಾನ ಅಂದರೆ ತಿಂಗಳುಗಟ್ಟಲೆ. ಜಾತ್ರೆಗೆ ಹೋಗಿದ್ವಿ, ಮಾತ್ರೆ ಖಾಲಿಯಾಯ್ತು ಅಂತ ನಿಲ್ಲಿಸಿ, ಫಿಟ್ಸ್ ಮೇಲೆ ಫಿಟ್ಸ್ ಬಂದು ತುರ್ತು ವಾರ್ಡಿಗೆ ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಬುದ್ಧಿ ಮಂದ ಆಗುವುದಾ? ಫಿನೋಬಾರ್ಬಿಟಾಲ್‌ನಂಥ ಹಳೆಯ ಔಷಧಿಗಳಿಂದ ಕೆಲವು ಮಕ್ಕಳಿಗೆ ಮಂಕು, ಇನ್ನು ಕೆಲವರಿಗೆ ಅತಿ ಚಟುವಟಿಕೆ ಬರುವುದು ನಿಜ. ಆ ಹೆಸರು ಎಲ್ಲ ಮಾತ್ರೆಗಳಿಗೂ ಅಂಟಿಕೊಂಡಿದೆ. ವಾರಕ್ಕೊಮ್ಮೆ ಕೊಡುವ ಕ್ಲೋಬಜಾಮ್‌ನಿಂದ ಅರ್ಧ ದಿನ ನಿದ್ದೆಗಣ್ಣು ಇರಬಹುದು, ಲೆಕ್ಕ ಮರೆತುಹೋಗುವುದಿಲ್ಲ. ಹಾಗೆಂದು ಆ ಹಳೆಯ ಮಾತ್ರೆಯನ್ನು ನಾನು ಬೈಯಲಾರೆ. 1912ರಿಂದ ಬಳಕೆಯಲ್ಲಿದೆ, ಅಗ್ಗ. ನಮ್ಮ ಯಳಂದೂರು ತಾಲ್ಲೂಕಿನಲ್ಲೇ ಡಾ. ಮಣಿ ಅವರ ತಂಡ ಫಿನೋಬಾರ್ಬಿಟಾಲ್, ಫೆನಿಟಾಯಿನ್ ಇಷ್ಟನ್ನೇ ಇಟ್ಟುಕೊಂಡು ಹಳ್ಳಿ ಜನರ ಫಿಟ್ಸ್ ಹತೋಟಿಗೆ ತರಬಹುದು ಎಂದು ತೋರಿಸಿತ್ತು.

ಇಷ್ಟೆಲ್ಲ ಮಾತ್ರೆಯ ಮಾತಾಯಿತು. ಕೆರೆಗೆ ಬರುವ ನೀರನ್ನೇ ಕಮ್ಮಿ ಮಾಡಿದರೆ ಹಲಗೆ ಯಾಕೆ ಬೇಕು ಎನ್ನುವುದು ನಿಮ್ಮ ಇನ್ನೊಂದು ಪ್ರಶ್ನೆ. ಸರಿಯಾದ ಪ್ರಶ್ನೆ. ನೀರಿನ ಬಿಸಿ ಇಳಿಸುವುದರಿಂದಲೇ ಎಷ್ಟೋ ಜನರಿಗೆ ಫಿಟ್ಸ್ ನಿಂತುಹೋಗುತ್ತದೆ. ತೀರಾ ತಣ್ಣೀರು ಬೇಕಾಗಿಲ್ಲ. ಮುಟ್ಟಿದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸುವ ಉಗುರು ಬೆಚ್ಚಗಿನ ನೀರು, 37 ಡಿಗ್ರಿ ದಾಟದಂತೆ. ಮೊದಲು ಮೈಗೆ ಸ್ನಾನ ಆಗಲಿ, ಕೊನೆಗೆ ತಲೆ. ಚೊಂಬಿನಿಂದ ನೆತ್ತಿಗೆ ಧಾರೆ ಸುರಿಯುವುದು ಬೇಡ. ಒದ್ದೆ ಬಟ್ಟೆಯಿಂದ ಸ್ವಲ್ಪ ಸ್ವಲ್ಪವೇ ತೊಳೆಯಿರಿ, ನಡುನಡುವೆ ನಿಲ್ಲಿಸಿ. ಶಾಂಪೂ ಹಾಕಿದರೆ ಎಣ್ಣೆ ಜಿಡ್ಡಿಗೆ ಬಿಸಿನೀರು ಬೇಕಾಗುವುದಿಲ್ಲ. ಬರೀ ನೀರಿನ ಹದದಲ್ಲೇ ಸಾಗಿಸಬಹುದಾ ಎಂದರೆ, ನಾಲ್ಕು ಸಲ ಬಂದಿರುವುದರಿಂದ, ಒಂದು ಸಲ ಮೈಯೆಲ್ಲ ಸೆಟೆದಿರುವುದರಿಂದ, ಈಗ ಮಾತ್ರೆಯೂ ಇರಲಿ ಎನ್ನುವುದು ನನ್ನ ಅಭಿಪ್ರಾಯ. ಒಂದೆರಡು ವರ್ಷ ಏನೂ ಬರದಿದ್ದರೆ ಮಾತ್ರೆ ಬಿಟ್ಟು ನೀರಿನ ಹದವನ್ನಷ್ಟೇ ಉಳಿಸಿಕೊಳ್ಳುವ ಮಾತಾಡಬಹುದು. ಕೆಲವರಿಗೆ ಬರಬರುತ್ತಾ ಬೆಚ್ಚಗಿನ ನೀರಿಗೂ ಬರುತ್ತದೆ. ಹಾಗಾದರೆ ಡಾಕ್ಟರಿಗೆ ತಿಳಿಸಿ.

ಬಚ್ಚಲಿನ ಚಿಲಕ ತೆಗೆಸಿಬಿಡಿ. ಮಗ ನಿಲ್ಲುವುದು ಬೇಡ, ಮಣೆಯ ಮೇಲೆ ಕೂರಲಿ, ಉರಿಯುವ ಒಲೆಯಿಂದ ದೂರ. ನಿಮ್ಮ ಕಡೆ ಮಕ್ಕಳು ನಾಲೆಯಲ್ಲಿ ಈಜಲು ಹೋಗುತ್ತಾರೆ, ನನಗೆ ಗೊತ್ತು. ಈಜು ಬರುವ ದೊಡ್ಡವರು ಪಕ್ಕದಲ್ಲಿಲ್ಲದೆ ಇವನು ನೀರಿಗೆ ಇಳಿಯಬಾರದು.

ಬೀಗದ ಕೈ ವಿಷಯ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಮನೆಯವರು ಬೀಗದ ಕೈ ಹುಡುಕಿ ತರುವಷ್ಟರಲ್ಲಿ ಆ ಎರಡು ನಿಮಿಷ ಆಗಿರುತ್ತದೆ, ಹೆಸರು ಕಬ್ಬಿಣಕ್ಕೆ. ಈರುಳ್ಳಿ, ಚಪ್ಪಲಿ ವಾಸನೆ ಎಲ್ಲವೂ ಹಾಗೇ ಹೆಸರು ಮಾಡಿದವು. ಕೈಯಲ್ಲಿ ಕೀ ಇದ್ದರೆ ಅಂಥ ನಷ್ಟವೇನಿಲ್ಲ, ಬಾಯಿಗೆ ಚಮಚ ತುರುಕುವುದೇ ಅಪಾಯ. ಬಚ್ಚಲಲ್ಲಿ ಫಿಟ್ಸ್ ಬಂದರೆ ನೀರು ನಿಲ್ಲಿಸಿ, ಒಲೆಯಿಂದ ದೂರ ಎಳೆದುಕೊಳ್ಳಿ, ಒಂದು ಪಕ್ಕಕ್ಕೆ ಮಲಗಿಸಿ. ಕೈಕಾಲು ಅದುಮಬೇಡಿ. ಬಾಯಿಗೆ ಏನೂ ಹಾಕಬೇಡಿ, ನೀರನ್ನೂ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ಉಸಿರಾಟ ಸರಿಯಿಲ್ಲ ಅನ್ನಿಸಿದರೆ 108ಕ್ಕೆ ಫೋನ್ ಮಾಡಿ. ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಸಿಗುತ್ತದೆ. ಆಸ್ಪತ್ರೆ ದೂರ ಇದ್ದರೆ ಮನೆಯಲ್ಲಿ ಇಟ್ಟುಕೊಳ್ಳಬೇಕಾ ಎಂದು ಡಾಕ್ಟರನ್ನು ಕೇಳಿ.

ಮಗಳ ಬಗ್ಗೆ. ಈ ಫಿಟ್ಸ್ ಇರುವ ನೂರು ಜನರಲ್ಲಿ 7ರಿಂದ 22 ಜನರ ಮನೆಯಲ್ಲಿ ಇನ್ನೊಬ್ಬರಿಗೂ ಇರುತ್ತದೆ ಎಂದು ಬೇರೆ ಬೇರೆ ವರದಿಗಳು ಹೇಳುತ್ತವೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಎರಡು ಪಟ್ಟಿಗಿಂತ ಹೆಚ್ಚು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ನಿಮ್ಹಾನ್ಸ್ ಜೊತೆ ಸೇರಿ ಇಂಥ ಕುಟುಂಬಗಳ ಜೀನ್‌ಗಳನ್ನು ಹುಡುಕಿದ್ದಾರೆ. ಕೆಲವರಲ್ಲಿ ಗ್ಲುಟಮೇಟನ್ನು ಬಳಿದು ಒಳಗೆಳೆಯುವ ಪ್ರೋಟೀನಿನ ಜೀನ್‌ನಲ್ಲಿ ಅಪರೂಪದ ಬದಲಾವಣೆಗಳು ಸಿಕ್ಕಿವೆ. ಕೆರಳಿಸುವ ರಸ ಬೇಗ ಖಾಲಿಯಾಗದಿದ್ದರೆ ಕೋಡಿ ಬೇಗ ಬೀಳುತ್ತದೆ, ಲೆಕ್ಕ ಕೂಡುತ್ತದೆ. ಆದರೆ ಎಲ್ಲ ಮನೆಗಳಿಗೂ ಅದೇ ಉತ್ತರವಲ್ಲ. ಮಗಳಿಗೆ ಜೀನ್ ಪರೀಕ್ಷೆ ಮಾಡಿಸುವುದು, ಮುಂಚಿತವಾಗಿ ಮಾತ್ರೆ ಕೊಡುವುದು ಬೇಡ. ಮನೆಯವರೆಲ್ಲರಿಗೂ ಬೆಚ್ಚಗಿನ ನೀರನ್ನೇ ಅಭ್ಯಾಸ ಮಾಡಿ, ಮಗನೊಬ್ಬನೇ ಬೇರೆ ಅನ್ನಿಸಿಕೊಳ್ಳುವುದೂ ತಪ್ಪುತ್ತದೆ.

ನೀವು ಕೇಳದ ಒಂದನ್ನೂ ಹೇಳುತ್ತೇನೆ, ಯಾಕೆಂದರೆ ಊರಲ್ಲಿ ಯಾರಾದರೂ ಅಂದೇ ಅನ್ನುತ್ತಾರೆ. ಮೂರ್ಛೆ ರೋಗ ಇದ್ದವರ ಮದುವೆ ಕಾನೂನಿನಲ್ಲಿ ನಿಲ್ಲುವುದಿಲ್ಲ ಎನ್ನುವುದು ಹಳೆಯ ಮಾತು. ಹಿಂದೂ ವಿವಾಹ ಕಾಯ್ದೆಯಿಂದ ಆ ಪದವನ್ನು 1999ರಲ್ಲೇ ತೆಗೆದುಹಾಕಿದ್ದಾರೆ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಒಂದು ನೋಟ್‌ಬುಕ್ ಒಯ್ಯಿರಿ. ತಲೆಸ್ನಾನದ ತಾರೀಕು, ಮಾತ್ರೆ ಕೊಟ್ಟ ಗಂಟೆ, ನೀರು ಹುಯ್ದ ಗಂಟೆ, ಏನಾಯಿತು, ಇಷ್ಟು ಬರೆದಿದ್ದರೆ ಸಾಕು. ಮತ್ತೆ ಬಂದರೆ ಯಾರಾದರೂ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಲಿ. ಅಂಗಡಿಯಲ್ಲಿ ಮಗುವಿನ ಸ್ನಾನದ ನೀರಿಗೆ ಅದ್ದುವ ಥರ್ಮಾಮೀಟರ್ ಸಿಗುತ್ತದೆ, ಒಂದು ತನ್ನಿ. ಅದನ್ನು ಅತ್ತೆಯವರ ಕೈಗೇ ಕೊಡಿ. ಬಚ್ಚಲಲ್ಲಿ ಏನೋ ಇದೆ ಎಂದು ಮೊದಲು ಗಮನಿಸಿದವರು ಅವರೇ ತಾನೆ. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಹಂಡೆಗೆ ಪೂಜೆ ಮಾಡಿ, ಎಣ್ಣೆಯನ್ನೂ ಹಚ್ಚಿ. ಮಾತ್ರೆ ಕೊಟ್ಟು ಒಂದೂವರೆ ಗಂಟೆಯಾದ ಮೇಲೆ, ಅತ್ತೆ ನೀರಿನ ಹದ ನೋಡಿ ಹೂಂ ಅಂದ ಮೇಲೆ, ನಿಧಾನವಾಗಿ ಸ್ನಾನ ಮಾಡಿಸಿ.